ಬೀಸಿದವರ ಹೆಸರು

ಆರೇಳು ವರ್ಷದವಳಿದ್ದಾಗ ನಮ್ಮಪ್ಪ ಹಿಟ್ಟು ಬೀಸುತ್ತಾರೆ ಎಂದು ನಂಬಿದ್ದೆ. ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗ ಹಾಗೆಯೇ ಹೇಳಿಯೂ ಇದ್ದೆ. ಅದಕ್ಕೆ ಕಾರಣವಿತ್ತು. ಅಪ್ಪ ಬೆಳಿಗ್ಗೆ ಮನೆ ಬಿಟ್ಟರೆ ಅವ್ವ ‘ಗಿರಣಿಗೆ ಹೋದರು’ ಎನ್ನುತ್ತಿದ್ದಳು. ಶನಿವಾರ ಸಂಜೆ ಜೋಳದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ‘ಗಿರಣಿಗೆ ಹೋಗಿ ಬಾ’ ಎನ್ನುತ್ತಿದ್ದಳು. ಎರಡೂ ಗಿರಣಿಯವರು ಬೆಳ್ಳಗಾಗಿರುತ್ತಿದ್ದರು. ಅಪ್ಪನ ಹುಬ್ಬಿನ ಮೇಲೆ, ಕಿವಿಯಂಚಿನ ಕೂದಲಲ್ಲಿ, ಅಂಗಿಯ ಕಾಲರಿನ ಮಡಿಕೆಯಲ್ಲಿ ಬಿಳಿ ಧೂಳು ಕೂತಿರುತ್ತಿತ್ತು. ಹಿಟ್ಟಿನ ಗಿರಣಿಯ ಅಜ್ಜನ ಹುಬ್ಬಿನ ಮೇಲೂ ಅದೇ ಬಿಳುಪು. ಒಂದು ದಿನ ಅಪ್ಪನ ಹುಬ್ಬನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡೆ. ಜೋಳದ ರುಚಿ ಇರಲಿಲ್ಲ. ಹತ್ತಿಯ ಎಳೆಯೊಂದು ನಾಲಿಗೆಗೆ ಅಂಟಿಕೊಂಡಿತು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಅದು. ಹತ್ತಿ ಗಿರಣಿಯ ಕೂಗಿಗೆ ನಮ್ಮ ಬೀದಿ ಏಳುತ್ತಿತ್ತು, ಬುತ್ತಿ ಕಟ್ಟುತ್ತಿತ್ತು. ಆಮೇಲೆ ಆ ಗಿರಣಿಗಳು ಒಂದೊಂದಾಗಿ ನಿಂತವು. ಈಗ ಹೊರಗಿನವರು ಊರನ್ನು ಬೆಣ್ಣೆ ದೋಸೆಯಿಂದ ಗುರುತಿಸುತ್ತಾರೆ. ಆದರೆ ಗಿರಣಿ ಎಂಬ ಮಾತು ಮಾತ್ರ ನಿಂತಿಲ್ಲ. ಹಿಟ್ಟಿನ ಗಿರಣಿ, ಖಾರದಪುಡಿ ಗಿರಣಿ, ಎಣ್ಣೆ ಗಿರಣಿ ಇದ್ದೇ ಇವೆ. ಭದ್ರಾ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ, ಭತ್ತವಿದ್ದಲ್ಲೆಲ್ಲ ಅಕ್ಕಿ ಗಿರಣಿ. ಮರ ಕೊಯ್ಯುವ ಜಾಗಕ್ಕೂ ಸಾಮಿಲ್ ಎನ್ನುತ್ತೇವೆ. ಅಕ್ಕಿ ಗಿರಣಿಯಲ್ಲಿ ಭತ್ತದ ಹೊಟ್ಟು ಬಿಡಿಸುತ್ತಾರೆ, ಬೀಸುವುದಿಲ್ಲ. ಹತ್ತಿ ಗಿರಣಿಯಲ್ಲಿ ನೂಲುತ್ತಾರೆ. ಸಾಮಿಲ್‌ನಲ್ಲಿ ಕೊಯ್ಯುತ್ತಾರೆ. ಬೀಸುವ ಕಲ್ಲು ಇಲ್ಲದ ಕಡೆಗೂ ಬೀಸುವ ಕಲ್ಲಿನ ಹೆಸರು ಹೋಗಿ ಕೂತಿದೆ.

ಇದು ಹೇಗಾಯಿತು ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ, ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೇಲೆ. ಆ ಕೆಲಸದಲ್ಲಿ ನಿಘಂಟು ಪಕ್ಕದಲ್ಲೇ ಇರುತ್ತದೆ; ಒಂದು ಪದ ಹುಡುಕಲು ತೆರೆದವಳು ಹತ್ತು ಪದ ಓದಿ ಮುಚ್ಚುತ್ತೇನೆ. ಇಂಗ್ಲಿಷಿನ ಮಿಲ್ ಹುಟ್ಟಿದ್ದು ಲ್ಯಾಟಿನ್ನಿನ ‘ಮೋಲಾ’ದಿಂದ. ಮೋಲಾ ಎಂದರೆ ಬೀಸುವ ಕಲ್ಲು. ಯುರೋಪಿನಲ್ಲಿ ಆ ಕಲ್ಲನ್ನು ತಿರುಗಿಸಲು ಹೊಳೆಯ ನೀರಿಗೆ ಚಕ್ರ ಕಟ್ಟಿದರು. 1771ರಲ್ಲಿ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ರಿಚರ್ಡ್ ಆರ್ಕ್‌ರೈಟ್ ನೀರಿನ ಚಕ್ರದಿಂದಲೇ ನೂಲುವ ಯಂತ್ರಗಳನ್ನು ಓಡಿಸಿದ. ಚಕ್ರ ಅದೇ, ನೀರು ಅದೇ, ಕಟ್ಟಡದ ಹೊರನೋಟವೂ ಹೆಚ್ಚು ಕಡಿಮೆ ಅದೇ. ಒಳಗೆ ಹಿಟ್ಟಿನ ಬದಲು ನೂಲು. ಜನ ಹಳೆಯ ಹೆಸರಿನಿಂದಲೇ ಕರೆದರು. ಅಲ್ಲಿಂದ ಕಾಗದಕ್ಕೆ, ಉಕ್ಕಿಗೆ, ಸಕ್ಕರೆಗೆ ಎಲ್ಲಕ್ಕೂ ಮಿಲ್ಲೇ. ನಮ್ಮ ಗಿರಣಿಯದೂ ಇದೇ ದಾರಿ. ಮರಾಠಿಯ ನಂಟಿನ ಈ ಮಾತು ಮುಂಬೈಯಲ್ಲಿ ಹಿಟ್ಟನ್ನೂ ಬಟ್ಟೆಯನ್ನೂ ಒಟ್ಟಿಗೆ ಹೊತ್ತಿತು. ಬಟ್ಟೆ ಗಿರಣಿಗಳ ಸುತ್ತ ಬೆಳೆದ ಅಲ್ಲಿಯ ಕಾರ್ಮಿಕರ ಭಾಗಕ್ಕೆ ಗಿರಣಗಾಂವ್ ಎಂದೇ ಹೆಸರು. ನಮ್ಮಪ್ಪ ಹೋಗುತ್ತಿದ್ದ ಗಿರಣಿಗೂ ನಾನು ಡಬ್ಬಿ ಹೊತ್ತು ಹೋಗುತ್ತಿದ್ದ ಗಿರಣಿಗೂ ಒಂದೇ ಹೆಸರು ಬಂದದ್ದು ಹೀಗೆ. ಹಾಗೆ ನೋಡಿದರೆ ಮೇಷ್ಟ್ರಿಗೆ ನಾನು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ.

ಮೋಲಾದ ಸಂತಾನ ದೊಡ್ಡದು. ಅನ್ನ ಅಗಿಯುವ ದವಡೆ ಹಲ್ಲು ಇಂಗ್ಲಿಷಿನಲ್ಲಿ ಮೋಲಾರ್, ಬಾಯೊಳಗಿನ ಬೀಸುವ ಕಲ್ಲು. ಸರ್ಕಾರಿ ಕಾಗದಗಳಲ್ಲಿ ಸಂಬಳ ಭತ್ಯೆಗೆ ಬಳಸುವ ಎಮಾಲ್ಯುಮೆಂಟ್ ಎಂಬ ಭಾರದ ಪದಕ್ಕೆ ಮೊದಲು ಹಿಟ್ಟು ಬೀಸಿದವನಿಗೆ ಸಲ್ಲುವ ಪಾಲು ಎಂಬ ಅರ್ಥವಿತ್ತು ಎಂದು ನಿಘಂಟುಗಳು ಹೇಳುತ್ತವೆ. ರೋಮನರು ಬಲಿಯ ಪ್ರಾಣಿಯ ಮೇಲೆ ಉಪ್ಪು ಬೆರೆಸಿದ ಹಿಟ್ಟು ಚಿಮುಕಿಸುತ್ತಿದ್ದರಂತೆ. ಬಲಿ ಕೊಡುವುದಕ್ಕೆ ಇಂಗ್ಲಿಷ್ ಬಳಸುವ ಇಮ್ಮೊಲೇಟ್ ಎಂಬ ಪದದೊಳಗೆ ಆ ಹಿಟ್ಟು ಇನ್ನೂ ಇದೆ. ಹರಿಹರದಲ್ಲಿ ನಮ್ಮ ಸೋದರಮಾವ ‘ಮಿಲ್ಲಿಂಗ್‌ನಲ್ಲಿದ್ದೇನೆ’ ಎನ್ನುತ್ತಿದ್ದರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂದ ಮೇಲೆ ಲೇತ್ ಯಂತ್ರಗಳಿಗೆ ಹೆಸರಾದ ಊರು ಅದು. ಮಾವನ ಮಿಲ್ಲಿಂಗ್‌ನಲ್ಲಿ ಉದುರುತ್ತಿದ್ದದ್ದು ಕಬ್ಬಿಣದ ಸುರುಳಿ. ಅಂಗೈಯಲ್ಲಿ ಹಿಡಿದು ತಂದು ನಮಗೆ ತೋರಿಸುತ್ತಿದ್ದರು, ಇನ್ನೂ ಬೆಚ್ಚಗಿದೆ ಎಂದು ನಮಗೆ ಅನ್ನಿಸುತ್ತಿತ್ತು.

ನನಗೆ ತುಂಬ ಹಿಡಿಸಿದ್ದು ಚಾರ್ಲ್ಸ್ ಬ್ಯಾಬೇಜ್ ಇಟ್ಟ ಹೆಸರು. 1830ರ ದಶಕದಲ್ಲಿ ಆತ ಕಲ್ಪಿಸಿದ ಲೆಕ್ಕದ ಯಂತ್ರದಲ್ಲಿ ಎರಡು ಭಾಗ. ಸಂಖ್ಯೆಗಳನ್ನು ಕೂಡಿಡುವ ಜಾಗಕ್ಕೆ ಉಗ್ರಾಣ, ಅವುಗಳ ಮೇಲೆ ಲೆಕ್ಕ ನಡೆಯುವ ಜಾಗಕ್ಕೆ ಮಿಲ್. ಇಂದಿನ ಕಂಪ್ಯೂಟರಿನ ಮೂಲ ನಕ್ಷೆಯೇ ಅದು. ಎಂಜಿನಿಯರಿಂಗ್ ಓದುವ ಅಣ್ಣನ ಮಗನಿಗೆ ಇದನ್ನು ಹೇಳಿದಾಗ ‘ಹಾಗಾದರೆ ನಮ್ಮ ಹಗೇದಿಬ್ಬ ಮತ್ತು ಗಿರಣಿ ಅನ್ನಿ ಅತ್ತೆ’ ಎಂದ. ಹಳೇ ದಾವಣಗೆರೆಯ ಹಗೇದಿಬ್ಬ ವೃತ್ತವನ್ನು ದಿನಾ ದಾಟುತ್ತೇವೆ. ಹಗೇವು ಎಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ ಎಂಬುದು ಹುಡುಗನಿಗೆ ಗೊತ್ತಿತ್ತು. ಆ ಸಂಜೆಯೆಲ್ಲ ಮನಸ್ಸು ಹಗುರವಾಗಿತ್ತು.

ಇಷ್ಟೆಲ್ಲ ಓದಿದ ಮೇಲೂ ಒಂದು ವಿಷಯ ಕೊರೆಯುತ್ತಲೇ ಇತ್ತು. ಇಂಗ್ಲಿಷಿನಲ್ಲಿ ಹಿಟ್ಟು ಬೀಸುವವನು ಮಿಲ್ಲರ್. ಅದೇ ಮನೆತನದ ಹೆಸರೂ ಹೌದು. ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಮ್ಯೂಲರ್, ಅರ್ಥ ಅದೇ. ನಮ್ಮಲ್ಲಿ ಕುಂಬಾರರಿದ್ದಾರೆ, ಕಮ್ಮಾರರಿದ್ದಾರೆ, ಬಡಗಿ, ನೇಕಾರ, ಗಾಣಿಗ, ಹತ್ತಿ ಹಿಂಜುವ ಪಿಂಜಾರರೂ ಇದ್ದಾರೆ. ಹಿಟ್ಟು ಬೀಸುವವರಿಗೆ ಹೆಸರೆಲ್ಲಿ? ದಿನಕ್ಕೆರಡು ಹೊತ್ತು ಊರಿನ ಪ್ರತಿ ಬಾಯಿಗೂ ಬೇಕಾದ ಕೆಲಸ ಅದು. ಮಡಕೆ ಇಲ್ಲದೆ ಒಂದು ದಿನ ಕಳೆಯಬಹುದು, ಹಿಟ್ಟಿಲ್ಲದೆ ಕಳೆಯಲಾಗದು.

ಉತ್ತರ ನಮ್ಮ ಹಿತ್ತಿಲಲ್ಲೇ ಇತ್ತು. ಬೀಸುತ್ತಿದ್ದವಳು ಅಜ್ಜಿ.

ಅಜ್ಜಿ ಜಗಳೂರು ಕಡೆಯವಳು. ಜೋಳದ ರೊಟ್ಟಿಯೂ ರಾಗಿ ಮುದ್ದೆಯೂ ಒಂದೇ ಒಲೆಯ ಮೇಲೆ ಆಗುವ ಸೀಮೆ ನಮ್ಮದು, ಆದ್ದರಿಂದ ಅವಳಿಗೆ ಕೆಲಸ ಇಮ್ಮಡಿ. ಕಲ್ಲಿನ ಮುಂದೆ ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ ಕೂರುತ್ತಿದ್ದಳು. ಎಡಗೈಯಿಂದ ಒಂದು ಹಿಡಿ ಕಾಳು ಕಲ್ಲಿನ ಬಾಯಿಗೆ, ಬಲಗೈ ಗೂಟದ ಮೇಲೆ. ಕಾಳು ಹೆಚ್ಚು ಬಿದ್ದರೆ ತರಿಯಾಗುತ್ತದೆ, ಕಡಿಮೆ ಬಿದ್ದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ; ಎಷ್ಟು ಎಂಬುದನ್ನು ಅವಳ ಕಿವಿ ಹೇಳುತ್ತಿತ್ತು. ಸದ್ದು ತೆಳುವಾದ ಕೂಡಲೇ ಎಡಗೈ ತಾನಾಗಿ ಮೊರದ ಕಡೆಗೆ ಹೋಗುತ್ತಿತ್ತು. ಬರಿಗಲ್ಲನ್ನು ತಿರುಗಿಸಬಾರದು ಎನ್ನುತ್ತಿದ್ದಳು. ನಾನು ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದರೆ ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಬೀಸುತ್ತಿದ್ದಳು. ಆ ಅಂಗೈಯ ಗಂಟುಗಳು ಈಗಲೂ ನನ್ನ ಕೈಯ ಹಿಂಬದಿಗೆ ನೆನಪಿವೆ. ಕಲ್ಲಿನ ಸುತ್ತ ಹಿಟ್ಟು ಬಳೆಯ ಹಾಗೆ ಬೀಳುತ್ತಾ ಬೀಳುತ್ತಾ ಏರುತ್ತಿತ್ತು. ಕೊನೆಗೆ ಹಳೆಯ ಸೀರೆಯ ಚೂರಿನಿಂದ ಅದನ್ನು ಬಳಿದು ತೆಗೆಯುವಾಗ ಅವಳು ಒಂದು ಕಣವನ್ನೂ ನೆಲಕ್ಕೆ ಬಿಡುತ್ತಿರಲಿಲ್ಲ.

ಮನೆಗೆ ಬೀಸಿದ್ದನ್ನು ಕೆಲಸವೆಂದೇ ಯಾರೂ ಎಣಿಸಲಿಲ್ಲ, ಸರಿ. ಆದರೆ ಕೂಲಿಗಾಗಿ ಬೀಸಿದವರೂ ಊರೂರಿನಲ್ಲಿದ್ದರು. ‘ಗಂಡ ಸತ್ತ ಮೇಲೆ ಕುಟ್ಟಿ ಬೀಸಿ ಮಕ್ಕಳನ್ನು ಸಾಕಿದಳು’ ಎಂಬ ಮಾತು ಕೇಳದ ಕನ್ನಡಿಗರು ಯಾರಿದ್ದಾರೆ? ಎಷ್ಟೋ ಮೇಷ್ಟ್ರುಗಳು, ವಕೀಲರು, ಅಧಿಕಾರಿಗಳು ತಮ್ಮ ತಾಯಿಯ ಬಗ್ಗೆ ಆಡುವ ಮಾತು ಇದು. ಅದು ಉದ್ಯೋಗವೇ. ಅದಕ್ಕೆ ಸಂಬಳವಿತ್ತು, ಗಿರಾಕಿಗಳಿದ್ದರು, ಕೌಶಲವಿತ್ತು. ಹೆಸರು ಮಾತ್ರ ಇರಲಿಲ್ಲ. ಜಾನಪದ ಸಂಗ್ರಹಗಳಲ್ಲಿ ಬೀಸುವ ಪದ, ಕುಟ್ಟುವ ಪದ ಎಂದು ವಿಭಾಗಗಳೇ ಇವೆ. ಅವುಗಳನ್ನು ಕಟ್ಟಿದವಳ ಹೆಸರು ಅಲ್ಲಿಯೂ ಇಲ್ಲ.

ಯುರೋಪಿನಲ್ಲಿ ಬೀಸುವುದು ಗಂಡಸಿನ ಉದ್ಯೋಗವಾದ ಬಗೆ ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಲ್ಲಿಯೂ ಮನೆಮನೆಯಲ್ಲಿ ಕೈಕಲ್ಲುಗಳಿದ್ದವು. ಒಡೆಯರು ನೀರಿನ ಗಿರಣಿ ಕಟ್ಟಿಸಿ, ಎಲ್ಲರೂ ಅಲ್ಲೇ ಬೀಸಿಸಬೇಕು, ಪಾಲು ಕೊಡಬೇಕು ಎಂದು ಕಟ್ಟಳೆ ಮಾಡಿದರು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಅಧಿಪತಿ ಹದಿನಾಲ್ಕನೆಯ ಶತಮಾನದಲ್ಲಿ ಊರವರ ಕೈಕಲ್ಲುಗಳನ್ನು ಕಿತ್ತು ತರಿಸಿ ಮಠದ ನೆಲಕ್ಕೆ ಹಾಸುಗಲ್ಲಾಗಿ ಹಾಕಿಸಿದ. ಜನ ತಮ್ಮ ಅಡುಗೆಮನೆಯ ಕಲ್ಲನ್ನು ಅವನ ಕಾಲಡಿಯಲ್ಲಿ ನೋಡಬೇಕಾಯಿತು. 1381ರ ರೈತರ ದಂಗೆಯಲ್ಲಿ ಊರವರು ಒಳನುಗ್ಗಿ ಆ ನೆಲವನ್ನು ಅಗೆದರು. ಕಲ್ಲುಗಳನ್ನು ಒಡೆದು ಒಬ್ಬೊಬ್ಬರೂ ಒಂದೊಂದು ಚೂರನ್ನು ದೇವರ ಪ್ರಸಾದದ ಹಾಗೆ ಮನೆಗೆ ಒಯ್ದರು. ಮಿಲ್ಲರ್ ಎಂಬ ಹೆಸರಿನ ಹಿಂದೆ ಇದೂ ಇದೆ. ಅಜ್ಜಿಗೆ ಈ ಕತೆ ಹೇಳುವ ಭಾಗ್ಯ ನನಗೆ ಸಿಗಲಿಲ್ಲ. ಸಿಕ್ಕಿದ್ದರೆ ಅವಳು ಆ ಅಧಿಪತಿಗೆ ಏನೆನ್ನುತ್ತಿದ್ದಳು ಎಂದು ಊಹಿಸಬಲ್ಲೆ, ಬರೆಯಲಾರೆ.

ನಮ್ಮ ಹೆಂಗಸರ ಬೀಸುವಿಕೆ ಹೆಸರಾಗಲಿಲ್ಲ, ಕ್ರಿಯಾಪದವಾಯಿತು. ಇದು ನನ್ನ ನಂಬಿಕೆ, ದಿನವೂ ಕರಡು ತಿದ್ದುತ್ತಾ ಗಟ್ಟಿಯಾದದ್ದು. ಇಂಗ್ಲಿಷಿನವರು ಗ್ರೈಂಡ್ ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಕನ್ನಡದ ಅಡುಗೆಮನೆ ಎಷ್ಟು ಬಗೆಯಾಗಿ ಹೇಳುತ್ತದೆ! ಒಣ ಕಾಳನ್ನು ಬೀಸುತ್ತೇವೆ. ನೆನೆಸಿದ ಅಕ್ಕಿಯನ್ನು ರುಬ್ಬುತ್ತೇವೆ. ಚಟ್ನಿ ಅರೆಯುತ್ತೇವೆ, ಶುಂಠಿ ಜಜ್ಜುತ್ತೇವೆ, ಮೆಣಸು ಕುಟ್ಟುತ್ತೇವೆ, ಗಂಧ ತೇಯುತ್ತೇವೆ. ಗಂಧ ರುಬ್ಬಿದೆ ಎಂದರೆ ಮಕ್ಕಳೂ ನಗುತ್ತಾರೆ. ಒಂದೊಂದಕ್ಕೂ ಕಲ್ಲು ಬೇರೆ, ಕೈಯ ಚಲನೆ ಬೇರೆ, ಆದ್ದರಿಂದ ಮಾತೂ ಬೇರೆ. ಆಮೇಲೆ ಈ ಮಾತುಗಳೆಲ್ಲ ಅಡುಗೆಮನೆಯಿಂದ ಹೊರಟು ಊರು ಸುತ್ತಿದವು. ಸಂಸಾರಕ್ಕಾಗಿ ಜೀವ ತೇಯುತ್ತಾರೆ. ಫಲವಿಲ್ಲದ ಮಾತಾಡುವವರು ತೌಡು ಕುಟ್ಟುತ್ತಾರೆ. ಅಪರಾಧ ಮಾಡಿದವರು ಜೈಲಿನಲ್ಲಿ ರಾಗಿ ಬೀಸುತ್ತಾರೆ. ಈ ಕೊನೆಯ ಮಾತಿನಲ್ಲಿ ಉತ್ಪ್ರೇಕ್ಷೆಯೇನಿಲ್ಲ, ಸೆರೆಮನೆಗೂ ಬೀಸುವ ಕಲ್ಲಿಗೂ ಹಳೆಯ ನಂಟು. ವಿದ್ಯಾನಗರದ ಜಿಮ್‌ನಲ್ಲಿ ಬೆಳಿಗ್ಗೆ ಜನ ದುಡ್ಡು ಕೊಟ್ಟು ನಡೆಯುವ ಟ್ರೆಡ್‌ಮಿಲ್ ಕೂಡ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಸೆರೆಮನೆಗಳಿಂದಲೇ ಬಂದದ್ದು. ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ಮಾಡಿದ ಆ ಮೆಟ್ಟಿಲಿನ ಚಕ್ರವನ್ನು ಬ್ರಿಕ್ಸ್‌ಟನ್ ಸೆರೆಮನೆಯಲ್ಲಿ ಕೈದಿಗಳು ತುಳಿದಾಗ ಹಿಟ್ಟು ಬೀಸುತ್ತಿತ್ತು.

ಈ ಗುಂಪಿನಲ್ಲಿ ನನಗೆ ಬಹಳ ಪ್ರಿಯವಾದವು ಎರಡು. ಒಂದು, ಅರೆದು ಕುಡಿಯುವುದು. ‘ಅವರು ವ್ಯಾಕರಣವನ್ನು ಅರೆದು ಕುಡಿದಿದ್ದಾರೆ’ ಎನ್ನುತ್ತೇವೆ. ಓದಿದ್ದಾರೆ ಎಂದರೆ ಸಾಲದು, ತಿಳಿದಿದ್ದಾರೆ ಎಂದರೂ ಸಾಲದು. ಮಗುವಿಗೆ ಬಜೆ ಅರೆದು ಕುಡಿಸಿದ ಹಾಗೆ ಅದು ಮೈಗೆ ಹತ್ತಿದೆ. ಇನ್ನೊಂದು, ನುರಿತ. ನುರಿ ಎಂದರೆ ಪುಡಿಯಾಗು. ನುರಿ ಎಂದರೆ ಪಳಗು ಕೂಡ. ಕಲ್ಲಿನಡಿ ಸಿಕ್ಕಿ ಸಿಕ್ಕಿ ನುಣುಪಾದವನೇ ನುರಿತವನು. ನುರಿತ ವೈದ್ಯರು, ನುರಿತ ಚಾಲಕರು ಎಂದು ದಿನಕ್ಕೆ ಹತ್ತು ಸಲ ತಿದ್ದುವ ನಾನು ಈ ಅರ್ಥ ತಿಳಿದ ದಿನದಿಂದ ಆ ಪದವನ್ನು ಯಾರಿಗೆಂದರೆ ಅವರಿಗೆ ಹಚ್ಚುವುದನ್ನು ಬಿಟ್ಟಿದ್ದೇನೆ.

ಬೀಸು ಎಂಬುದಂತೂ ಆಕಾಶಕ್ಕೇ ಹೋಗಿದೆ. ಗಾಳಿ ಬೀಸುತ್ತದೆ, ಬೀಸಣಿಗೆ ಬೀಸುತ್ತೇವೆ, ಬಸ್ಸಿನ ಕಿಟಕಿಯಿಂದ ಕೈ ಬೀಸುತ್ತೇವೆ. ನಮ್ಮ ಪುಟಗಳಲ್ಲಿ ಪೊಲೀಸರು ಆರೋಪಿಗೆ ಬಲೆ ಬೀಸದ ದಿನವಿಲ್ಲ, ಲಾಠಿ ಬೀಸದ ವಾರವಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು. ತಮಿಳಿನ ವೀಸು ಕೂಡ ಇದೇ ಬಳಗದ್ದು, ಅಲ್ಲಿಯೂ ಗಾಳಿ ವೀಸುತ್ತದೆ. ಮಾತಿನ ಬೇರಿನಲ್ಲಿರುವುದು ತೋಳಿನ ಚಲನೆ. ಆ ಚಲನೆಯನ್ನು ಕಲ್ಲಿನ ಗೂಟಕ್ಕೆ ಕೊಟ್ಟಾಗ ಹಿಟ್ಟಾಯಿತು.

ಹೆಸರಿಲ್ಲ ಎಂದೆ. ಇಲ್ಲವೇ ಇಲ್ಲ ಎನ್ನಲಾರೆ, ಎರಡಿವೆ, ಎರಡೂ ಹೆಂಗಸರದು. ಹನ್ನೆರಡನೆಯ ಶತಮಾನದ ಶರಣೆ ಕೊಟ್ಟಣದ ಸೋಮಮ್ಮ. ಕೊಟ್ಟಣ ಎಂದರೆ ಭತ್ತ ಕುಟ್ಟುವುದು, ಅದೇ ಅವಳ ಕಾಯಕ. ಅವಳದೆಂದು ಉಳಿದಿರುವುದು ಒಂದೇ ವಚನ, ಆದರೆ ಹೆಸರಿನ ಮುಂದೆ ಕಾಯಕ ಎಂಟುನೂರು ವರ್ಷ ದಾಟಿ ಗಟ್ಟಿಯಾಗಿ ನಿಂತಿದೆ. ಎರಡನೆಯದನ್ನು ಚಿತ್ರದುರ್ಗದವರಿಗೆ ಹೇಳಬೇಕಾಗಿಲ್ಲ.

ಹೋದ ವರ್ಷ ಅಣ್ಣನ ಮಗನನ್ನು ಕರೆದುಕೊಂಡು ಕೋಟೆಗೆ ಹೋಗಿದ್ದೆ. ಮೊದಲು ಸಿಗುವುದು ಮದ್ದು ಬೀಸುವ ಕಲ್ಲುಗಳು. ನೆಲಮಟ್ಟದಿಂದ ತಗ್ಗಿನಲ್ಲಿ ಆಳೆತ್ತರದ ಕಲ್ಲಿನ ಗಾಲಿಗಳು. ಕೋವಿ, ಫಿರಂಗಿಗಳಿಗೆ ಬೇಕಾದ ಮದ್ದನ್ನು ಇಲ್ಲಿ ಅರೆಯುತ್ತಿದ್ದರು, ಆನೆಗಳಿಂದ ತಿರುಗಿಸುತ್ತಿದ್ದರು ಎಂದು ಅಲ್ಲಿಯ ಮಾರ್ಗದರ್ಶಿಗಳು ವಿವರಿಸುತ್ತಾರೆ. ಅದೇ ಕಲ್ಲು, ಅದೇ ಸುತ್ತು, ಹೊರಬರುವುದು ಮಾತ್ರ ಅನ್ನವಲ್ಲ. ಕೈ ಇಟ್ಟು ನೋಡಿದೆ, ಬಿಸಿಲಿಗೆ ಕಾದಿತ್ತು. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆನಿಸಲಿಲ್ಲ.

ಕಿಂಡಿಯ ಹತ್ತಿರ ನಿಂತೆ, ತುಂಬ ಹೊತ್ತು. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ. ನೀರು ತರಲು ಬಂದ ಓಬವ್ವನಿಗೆ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಾಣುತ್ತದೆ. ಮನೆಗೆ ಓಡಿ ಕೈಗೆತ್ತಿಕೊಂಡದ್ದು ಒನಕೆ. ಅನ್ನ ತಿನ್ನುತ್ತಿರುವ ಗಂಡನನ್ನು ಎಬ್ಬಿಸಲಿಲ್ಲ ಎನ್ನುತ್ತಾರೆ ನಮ್ಮ ಕಡೆ. ಕತ್ತಿ ಹಿಡಿದು ಅಭ್ಯಾಸವಿಲ್ಲದ ಕೈಗೆ ದಿನವೂ ಎತ್ತಿ ಇಳಿಸುವ ಒನಕೆಯ ತೂಕ ಚೆನ್ನಾಗಿ ಗೊತ್ತಿತ್ತು. ಹಿಂದಿನ ಸಂಜೆಯವರೆಗೂ ಭತ್ತ ಕುಟ್ಟಿದ್ದ ತೋಳು ಅದು. ಒನಕೆ ಬೀಸಿದಳು ಎಂದು ಬರೆಯುವಾಗ ನನ್ನ ಪೆನ್ನು ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು, ಮದಕರಿ ನಾಯಕ ಸೆರೆಯಾದ. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಇಂದಿಗೂ ಒನಕೆ ಓಬವ್ವನ ಹೆಸರು. ಒನಕೆ ಎಂಬುದು ಅಲ್ಲಿ ಬಿರುದು.

ಅಜ್ಜಿ ಕಲ್ಲು ಬಿಟ್ಟದ್ದು ನಮ್ಮ ಬೀದಿಗೆ ಹಿಟ್ಟಿನ ಗಿರಣಿ ಬಂದ ಮೇಲೆ. ಅವಳು ಬೀಸುತ್ತಿದ್ದಳು, ಅವ್ವ ಬೀಸಿಸುತ್ತಿದ್ದಳು, ನಾನು ಮೊನ್ನೆ ಮೊನ್ನೆಯವರೆಗೆ ಪೊಟ್ಟಣ ಕೊಳ್ಳುತ್ತಿದ್ದೆ. ಒಂದು ‘ಇಸು’ ಪ್ರತ್ಯಯ ಸೇರಿದ್ದರಿಂದ ಅವ್ವನ ಬೆನ್ನು ಉಳಿಯಿತು. ಇದನ್ನು ಸಣ್ಣ ಮಾತೆಂದು ನಾನು ತಿಳಿಯುವುದಿಲ್ಲ. ಕಲ್ಲಿನ ಕಾಲ ಚೆನ್ನಾಗಿತ್ತು, ಮರಳಿ ಬರಲಿ ಎನ್ನುವವರು ಒಂದು ಸೇರು ಜೋಳ ಬೀಸಿ ನೋಡಬೇಕು. ಗಿರಣಿಯಲ್ಲಿ ಅಜ್ಜ ಪಟ್ಟೆ ಓಡುವ ಸದ್ದಿನ ಮೇಲೆ ಗಂಟಲೆತ್ತಿ ‘ಏನವ್ವ, ರೊಟ್ಟಿಗೋ ನುಚ್ಚಿಗೋ?’ ಎಂದು ಕೇಳುತ್ತಿದ್ದರು. ರೊಟ್ಟಿಗೆ ಎಂದರೆ ಬೀಳುವ ಹಿಟ್ಟಿಗೆ ಕೈಯೊಡ್ಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಉಜ್ಜಿ, ಇನ್ನೊಂದು ಕೈಯಿಂದ ತಿರುಪನ್ನು ಕೂದಲೆಳೆಯಷ್ಟು ಬಿಗಿ ಮಾಡುತ್ತಿದ್ದರು. ನುರಿತವರು ಎಂದರೆ ಅವರು. ನಮಗೆಲ್ಲ ಅವರು ಗಿರಣಿ ಅಜ್ಜ. ಬೇರೆ ಹೆಸರು ಇರಬಹುದೆಂದು ನಾನು ಯೋಚಿಸಿಯೂ ಇರಲಿಲ್ಲ.

ಹೋದ ತಿಂಗಳು ಅವರ ಮೊಮ್ಮಗ ತಂಗಿಯ ಮದುವೆಯ ಪತ್ರಿಕೆಯ ಕರಡು ತಂದಿದ್ದ. ‘ಅಕ್ಕಾ, ತಪ್ಪಿದ್ದರೆ ನೋಡಿಕೊಡಿ’ ಎಂದ. ಅಜ್ಜನ ನಿಜವಾದ ಹೆಸರನ್ನು ಅಂದು ಮೊದಲ ಸಲ ಓದಿದೆ. ಅದರ ಮುಂದೆ ‘ಗಿರಣಿ’ ಎಂದಿತ್ತು. ಹುಡುಗನ ಅಪ್ಪನ ಹೆಸರಿನ ಮುಂದೆಯೂ, ಚಿಕ್ಕಪ್ಪಂದಿರ ಹೆಸರಿನ ಮುಂದೆಯೂ ಗಿರಣಿ. ನನ್ನ ಕಣ್ಣೆದುರೇ, ಮೂರು ತಲೆಮಾರಿನಲ್ಲಿ, ಹಿಟ್ಟಿನ ಕೆಲಸ ಒಂದು ಮನೆತನದ ಹೆಸರಾಗಿತ್ತು. ಅಜ್ಜಿಯ ಹೆಸರು ಮಾತ್ರ ಬರಿದೇ ಇತ್ತು.

ನಿಮ್ಮ ಅಜ್ಜಿಯೂ ಗಿರಣಿಯಲ್ಲಿ ಕೂರುತ್ತಿದ್ದರೇನಪ್ಪಾ ಎಂದು ಕೇಳಿದೆ.

‘ಇಲ್ಲಕ್ಕಾ. ಗಿರಣಿ ಹಾಕುವುದಕ್ಕಿಂತ ಮುಂಚೆ ಅಜ್ಜಿ ನಾಲ್ಕು ಮನೆಗೆ ಕಲ್ಲಿನಲ್ಲಿ ಬೀಸಿಕೊಡುತ್ತಿದ್ದರಂತೆ. ಎಂಜಿನ್ ತರುವಾಗ ಮೊದಲ ಕಂತು ಕಟ್ಟಿದ್ದು ಆ ದುಡ್ಡಿನಿಂದ ಎಂದು ಅಪ್ಪ ಹೇಳುತ್ತಾರೆ.’

ಹಾಗಾದರೆ ಅವರ ಹೆಸರಿನ ಮುಂದೆಯೂ ಗಿರಣಿ ಎಂದು ಸೇರಿಸಲೇ ಎಂದೆ. ಅವನು ಕರಡನ್ನು ತನ್ನ ಕಡೆಗೆ ತಿರುಗಿಸಿಕೊಂಡು ಆ ಸಾಲನ್ನು ನೋಡಿದ.

‘ಸಾಲಿನಲ್ಲಿ ಹಿಡಿಸುತ್ತದೆಯೇ ಅಕ್ಕಾ?’

ಇಡೀ ಸಾಲಿನ ಅಕ್ಷರವನ್ನು ಒಂದು ಪಾಯಿಂಟ್ ಇಳಿಸಿದೆವು. ಹಿಡಿಸಿತು.